ಈ ಕಾಲದ ಮೆದಿಚಿಯೇ ಸಾಚಿ?

ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್ ಗಾಜಿನ ತೊಟ್ಟಿಯ ದ್ರಾವಣದಲ್ಲಿಟ್ಟ ಸತ್ತ ಶಾರ್ಕ್ ಕಲೆಯೋ ಅಲ್ಲವೋ ಎಂಬ ಜಗಳಕ್ಕೆ ಮೂವತ್ತು ವರ್ಷ ದಾಟಿದೆ. ಕಲೆಯೆಂದೇ ಇಟ್ಟುಕೊಳ್ಳೋಣ. ನನ್ನ ತಕರಾರಿರುವುದು ಅದಕ್ಕೆ ದುಡ್ಡು ಕೊಟ್ಟ ಚಾರ್ಲ್ಸ್ ಸಾಚಿಯನ್ನು ಈ ಕಾಲದ ಮೆದಿಚಿಯೆಂದು, ಅಂದರೆ ಕಲಾವಿದರನ್ನು ಪೋಷಿಸಿದ ಫ್ಲಾರೆನ್ಸಿನ ಆ ಸಿರಿವಂತ ಮನೆತನದವನಂತೆ, ಕೊಂಡಾಡುವ ಪಂಗಡದೊಂದಿಗೆ. ಈ ಜಾಹೀರಾತು ಕುಳಕ್ಕೆ ಎದೆಗಾರಿಕೆ ಇರಲಿಲ್ಲವೆಂದು ಹೇಳಲಾರೆ. ದನದ ತಲೆ, ಅದರ ಮೇಲೆ ಹುಟ್ಟಿ ಸಾಯುವ ನೊಣಗಳು, ಅವನ್ನು ಸುಡುವ ವಿದ್ಯುತ್ ಜಾಲರಿ, ಇಷ್ಟನ್ನೂ ಗಾಜಿನ ಪೆಟ್ಟಿಗೆಗೆ ತುಂಬಿದ 1990ರ ಕೃತಿಯನ್ನು ಆತ ಕೊಂಡಾಗ ಹರ್ಸ್ಟ್‌ಗೆ ಇನ್ನೂ ಇಪ್ಪತ್ತೈದರ ಆಸುಪಾಸಿರಬೇಕು. ಮರುವರ್ಷ ಶಾರ್ಕ್‌ಗೆಂದು 50,000 ಪೌಂಡ್ ಕೊಟ್ಟವನೂ ಅವನೇ. ಆಸ್ಟ್ರೇಲಿಯಾದ ಕಡಲಲ್ಲಿ ಹಿಡಿಸಿದ ಮೀನು ಲಂಡನ್ನಿಗೆ ಬಂದದ್ದು ಆ ಹಣದಿಂದ.

ಹಣವಂತರು ಯಾವಾಗ ಹೆಸರಿಗಾಗಿ ಕೊಟ್ಟಿಲ್ಲ ಎಂದು ಕೇಳುವವರಿದ್ದಾರೆ. ಕೊಟ್ಟಿದ್ದಾರೆ, ಮೆದಿಚಿಗಳೂ ಅದಕ್ಕೇ ಕೊಟ್ಟರು. ಆದರೆ ಫ್ಲಾರೆನ್ಸಿನ ಸ್ಯಾನ್ ಲೊರೆಂಜೊದಲ್ಲಿ ಮೈಕೆಲ್ಯಾಂಜೆಲೊ ಕಡೆದ ಅವರ ಸಮಾಧಿಗಳು ಇಂದಿಗೂ ಅಲ್ಲೇ ಇವೆ. ಕೊಟ್ಟವರ ಕೀರ್ತಿಯೂ ಕಡೆದವನ ಕೀರ್ತಿಯೂ ಒಂದೇ ಕಲ್ಲಿನಲ್ಲಿ ನಿಂತಿವೆ. ಸಾಚಿಗೆ ಅಂಥ ಹಂಗಿಲ್ಲ. ಇಟಲಿಯ ಸಾಂದ್ರೊ ಕಿಯಾನ ಚಿತ್ರಗಳನ್ನು ಎಂಬತ್ತರ ದಶಕದಲ್ಲಿ ರಾಶಿಯಾಗಿ ಕೊಂಡು ರಾಶಿಯಾಗಿಯೇ ಕೈಬಿಟ್ಟ. ಪೆಟ್ಟು ಬಿದ್ದದ್ದು ಕಲಾವಿದನ ಹೆಸರಿಗೆ. 1997ರಲ್ಲಿ ರಾಯಲ್ ಅಕಾಡೆಮಿಯಲ್ಲಿ ನಡೆದ 'ಸೆನ್ಸೇಶನ್' ಪ್ರದರ್ಶನದ ಕೃತಿಗಳೆಲ್ಲ ಅವನ ಸಂಗ್ರಹದವು. ಗಲಾಟೆಯಾಯಿತು, ಜನ ಮುಗಿಬಿದ್ದರು. ಮರುವರ್ಷವೇ ಸಂಗ್ರಹದ ಒಂದು ಪಾಲು ಕ್ರಿಸ್ಟೀಸ್ ಹರಾಜಿಗೆ ಬಂತು. ಮಾರಿದ ಹಣದಿಂದಲೇ ಹೊಸಬರನ್ನು ಕೊಳ್ಳುತ್ತಿದ್ದ, ಕಲಾ ವಿದ್ಯಾರ್ಥಿಗಳಿಗೂ ನೆರವಾದ ಎಂಬ ಸಮಜಾಯಿಷಿ ಸುಳ್ಳಲ್ಲ. ಹೊಸಬನಿಗೆ ಅದು ವರವೇ. ನಿನ್ನೆಯ ಹೊಸಬನ ಬೆಲೆ ಮಾತ್ರ ಒಬ್ಬನ ಮರ್ಜಿಯಲ್ಲಿ ತೂಗಾಡುತ್ತದೆ. ಕೊಂಡ ದಿನವನ್ನಷ್ಟೇ ಎಣಿಸಿ ಬಿಟ್ಟ ದಿನವನ್ನು ಮರೆಯುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಶಾರ್ಕ್‌ನ ಗತಿಯನ್ನೇ ನೋಡಿ. ಅದು ಕೊಳೆಯತೊಡಗಿತು, ದ್ರಾವಣ ಕದಡಿತು. 1993ರಲ್ಲಿ ಸಾಚಿಯ ಗ್ಯಾಲರಿ ಚರ್ಮ ಸುಲಿದು ಫೈಬರ್‌ಗ್ಲಾಸ್ ಅಚ್ಚಿನ ಮೇಲೆ ಹೊದಿಸಿತು. ತುಂಬಿದ ಗೊಂಬೆಯಾದ ಮೇಲೆ ಹೆದರಿಕೆಯೆಲ್ಲಿ? ಅದನ್ನು ದೊಡ್ಡ ಮೊತ್ತಕ್ಕೆ ಕೊಂಡ ಅಮೆರಿಕದ ಸ್ಟೀವನ್ ಕೋಹೆನ್ 2006ರಲ್ಲಿ ಹರ್ಸ್ಟ್ ಕೈಯಲ್ಲೇ ಹೊಸ ಮೀನು ಹಾಕಿಸಿದ, ಖರ್ಚನ್ನೂ ತಾನೇ ಹೊತ್ತ. ಸಾವಿನ ಕುರಿತ ಕೃತಿಯನ್ನು ಸಾಯಗೊಡದೆ ನೋಡಿಕೊಳ್ಳುವುದಕ್ಕಾದರೆ ನಾನು ಆಶ್ರಯವೆನ್ನುತ್ತೇನೆ. ಹರ್ಸ್ಟ್ ಕೂಡ ಪಾಠ ಕಲಿತ. 2003ರಲ್ಲಿ ತನ್ನ ಗ್ಯಾಲರಿಯವನೊಂದಿಗೆ ಸೇರಿ ಸಾಚಿಯ ಬಳಿಯಿದ್ದ ತನ್ನ ಹಲವು ಕೃತಿಗಳನ್ನು ವಾಪಸು ಕೊಂಡ. 2008ರ ಸೆಪ್ಟೆಂಬರ್ 15ರಂದು, ಅತ್ತ ಲೆಹ್ಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದ ದಿನವೇ, ಇತ್ತ ಗ್ಯಾಲರಿಗಳನ್ನು ಬದಿಗಿಟ್ಟು ಹೊಸ ಕೃತಿಗಳನ್ನು ನೇರ ಸೋತ್‌ಬೀಸ್ ಹರಾಜಿಗಿಟ್ಟ. ಎರಡು ದಿನದಲ್ಲಿ ಬಂದದ್ದು 11 ಕೋಟಿ ಪೌಂಡಿಗೂ ಮಿಗಿಲು. ದುರಾಸೆಯೆಂದು ಬೈದವರುಂಟು. ಕೊಳ್ಳುವವನ ದುರಾಸೆಗೆ ಕಲಾಪ್ರೇಮವೆಂದು ಹೆಸರಿಟ್ಟವರಿಗೆ ಕಲಾವಿದನನ್ನು ಹಾಗೆ ಬೈಯುವ ಹಕ್ಕು ಎಲ್ಲಿಂದ ಬಂತೋ ಕಾಣೆ.