ಮುಂಗುಸಿ ಯಾರದು? ಸೊಲ್ಲಾಪುರ–ಅಕ್ಕಲಕೋಟೆಯ ಪದಪಟ್ಟಿಗಳ ಮಿತಿ

ಕನ್ನಡದ ಮುಂಗುಸಿ ತೆಲುಗಿನಲ್ಲಿ ಮುಂಗಿಸ, ಮರಾಠಿಯಲ್ಲಿ ಮುಂಗೂಸ. ಸೊಲ್ಲಾಪುರ ನಗರದಲ್ಲಿ ಈ ಮೂರೂ ಮನೆಮಾತುಗಳಿವೆ. ಇಂಗ್ಲಿಷಿನ ಮಂಗೂಸ್ ಮರಾಠಿಯಿಂದ ಹೋದದ್ದೆಂದೂ ಮರಾಠಿ ರೂಪದ ಬೇರು ದ್ರಾವಿಡವೆಂದೂ ವಿದ್ವಾಂಸರು ಗುರುತಿಸಿದ್ದಾರೆ.

ಗಡಿಚರ್ಚೆಗಳಲ್ಲಿ ಇಂತಹ ಪದಗಳಿಗೆ ವಿಶೇಷ ಮನ್ನಣೆ. ಶಂ. ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ ಮಹಾರಾಷ್ಟ್ರದಲ್ಲಿ ಕನ್ನಡದ ಹೆಜ್ಜೆಗಳನ್ನು ಅರಸಿತು. ಅಕ್ಕಲಕೋಟೆ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಇಂತಹ ಹಿನ್ನೆಲೆಯಲ್ಲಿ ತುಪ್ಪ–ತೂಪ, ಅಕ್ಕ–ಅಕ್ಕಾ, ಅಣ್ಣ–ಅಣ್ಣಾ ಎಂಬ ಪಟ್ಟಿ ನೆಲದ ಹಕ್ಕುಪತ್ರವಾಗಿ ಬಿಡುವುದು ಸುಲಭ.

ಆದರೆ ಧ್ವನಿಸಾಮ್ಯ ದುರ್ಬಲ ಸಾಕ್ಷಿ. ಕನ್ನಡ ನಿಘಂಟಿನ ‘ಮುಂಗಿ’ ಮುಂಗುಸಿಯೇ. ಮರಾಠಿಯ ‘ಮುಂಗೀ’ ಇರುವೆ. ಕೊಡುಕೊಳ್ಳುವಿಕೆಯೂ ಒಮ್ಮುಖವಲ್ಲ. ಅಕ್ಕನನ್ನು ಕೊಟ್ಟ ಕನ್ನಡ, ಉತ್ತರ ಕರ್ನಾಟಕದಲ್ಲಿ ಮರಾಠಿಯಿಂದ ಮಾವಶಿಯನ್ನೂ ಖೋಲಿಯನ್ನೂ ಪಡೆದಿದೆ.

ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಟ್ಟಿಗಳ ಬುಡವನ್ನೇ ಅಲುಗಿಸುತ್ತದೆ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದೆ. ಬೇರೆಯಾಗಿ ಉಳಿದದ್ದು ಪದಸಂಪತ್ತು. ಅಂದರೆ ನುಡಿಗಳು ನಿಜವಾಗಿ ಬೆರೆತದ್ದು ಪದಪಟ್ಟಿಗೆ ಕಾಣದ ಕಡೆ. ಮನೆಮಾತಿನ ಗುರುತು ನಿಂತಿರುವುದು ಬೆರೆಯದ ಪದಗಳ ಮೇಲೆ.

ಆ ಬೆರೆಯದ ಪದಗಳೇ ಪಟ್ಟಿಯ ಹೊರಗುಳಿಯುತ್ತವೆ. ಕನ್ನಡದ ಮಣಕ ಮರಾಠಿಯಲ್ಲಿ ಕಾಲವಡ, ಹೋರಿ ಖೋಂಡ, ಎತ್ತು ಬೈಲ. ಇವುಗಳಲ್ಲಿ ಸಾಮ್ಯವಿಲ್ಲ, ಆದ್ದರಿಂದ ವಾದಕ್ಕೆ ಉಪಯೋಗವಿಲ್ಲ. ಮನೆಯಲ್ಲಿ ಮಣಕವೆಂದು ಕರೆದುದನ್ನು ಸಂತೆಯಲ್ಲಿ ಕಾಲವಡವೆಂದು ಮಾರಬಲ್ಲ ದ್ವಿಭಾಷಿಕ ಒಕ್ಕಲಿಗನ ಜಾಣ್ಮೆಗೆ ಇಂತಹ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ದನ ಕಟ್ಟುವ ಮನೆಗಳು ಕಡಿಮೆಯಾದಂತೆ ವಯಸ್ಸು, ಬಣ್ಣ, ಕೊಂಬು ನೋಡಿ ಹೆಸರಿಡುವ ಈ ಪದಗಳೇ ಮೊದಲು ಮರೆಯಾಗುವಂಥವು.

ಸ್ಕಾಟ್ಸ್ ನುಡಿಯಲ್ಲಿ ಏಡಿಗೆ ಪಾರ್ಟನ್ ಎನ್ನುತ್ತಾರೆ. ಅದು ಗೇಲಿಕ್ ಪದ. ಗೇಲಿಕ್ ಆಡುವವರು ಕುಗ್ಗುತ್ತ ಬಂದರೂ ಸಾಲವಾಗಿ ಹೋದ ಪದ ನೆರೆನುಡಿಯಲ್ಲಿ ಬದುಕಿದೆ. ಅದರ ಬದುಕು ಗೇಲಿಕ್‌ನ ಬದುಕಲ್ಲ. ಹಾಗೆಯೇ ಮರಾಠಿಯ ತೂಪ ಎಷ್ಟು ಕಾಲ ಬಾಳಿದರೂ ಅಕ್ಕಲಕೋಟೆಯ ಮಗುವಿನ ಬಾಯಲ್ಲಿ ತುಪ್ಪ ಉಳಿಯುವುದೆಂಬ ಭರವಸೆಯಿಲ್ಲ.

ಯಾರು ಯಾರಿಗೆ ಕೊಟ್ಟರು ಎಂಬ ಪ್ರಶ್ನೆ ವ್ಯುತ್ಪತ್ತಿಶಾಸ್ತ್ರಕ್ಕೆ ಸಲ್ಲಲಿ. ಗಡಿನಾಡಿನ ಪದಸಂಗ್ರಹ ದಾಖಲಿಸಬೇಕಾದದ್ದು ಬೇರೆ: ಯಾವ ಪದವನ್ನು ಯಾರು, ಯಾರೊಡನೆ, ಕೊಟ್ಟಿಗೆಯಲ್ಲೋ ಸಂತೆಯಲ್ಲೋ ಶಾಲೆಯಲ್ಲೋ ಆಡುತ್ತಾರೆ ಎಂಬುದು.