ಐತಿಹ್ಯ, ಅಂಕಿತ, ಆಧಾರ: ಕೆ.ಎನ್. ಗಣೇಶಯ್ಯನವರ ಚಾರಿತ್ರಿಕ ನಿಗೂಢ ಕಥನಗಳು

ಐತಿಹ್ಯಕ್ಕೆ ಕರ್ತೃವಿಲ್ಲ. ವೀರಗಲ್ಲಿನ ಅಡಿಯಲ್ಲಿ ನಿಧಿಯಿದೆಯೆಂದು ಹೇಳಿದವರಾರು ಎಂದು ವಿಚಾರಿಸಿದರೆ 'ಹಿಂದಿನವರು' ಎಂಬ ಉತ್ತರ ಬರುತ್ತದೆ. ಕನ್ನಡದ ಐತಿಹಾಸಿಕ ಕಾದಂಬರಿಗೆ ಕರ್ತೃವಿದ್ದರೂ ಅಂಕಿತವು ಕೆಲವೊಮ್ಮೆ ಬೇರೆಯಾಗಿರುತ್ತಿತ್ತು. ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) 'ಗಳಗನಾಥ'ರೆಂದೇ ಓದುಗರಿಗೆ ಪರಿಚಿತರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಕೆ.ಎನ್. ಗಣೇಶಯ್ಯನವರು ಕಾವ್ಯನಾಮದ ಮರೆಯನ್ನು ಬಯಸಲಿಲ್ಲ. ಸಂಶೋಧನ ಪ್ರಬಂಧಕ್ಕೆ ಹಾಕುವ ಹೆಸರನ್ನೇ ಕಾದಂಬರಿಗೂ ಹಾಕಿ, ಜೊತೆಗೆ ಆಕರಗಳನ್ನೂ ಸೂಚಿಸಿದರು. ಅವರ ವಿಪುಲ ಕಥಾಸಾಹಿತ್ಯದ ಬಲವೂ ತೊಡಕೂ ಈ ಆಯ್ಕೆಯಲ್ಲಿಯೇ ಇವೆ.

1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ತಿರುಮಲನು 550 ಆನೆಗಳ ಮೇಲೆ ಸಂಪತ್ತನ್ನು ಹೇರಿಕೊಂಡು ಪೆನುಗೊಂಡೆಯತ್ತ ಹೊರಟನೆಂದು ರಾಬರ್ಟ್ ಸೆವೆಲ್ 1900ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಆ ಸಂಪತ್ತಿನ ಜಾಡೇ 'ಕರಿಸಿರಿಯಾನ'ದ ವಸ್ತು. 'ಕನಕ ಮುಸುಕು' ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಮುಸುಕಿನ ಜೋಳದ ತೆನೆಯನ್ನು ಹೋಲುವ ವಸ್ತುವಿನಿಂದ ಕುತೂಹಲವನ್ನು ಕಟ್ಟುತ್ತದೆ. ಅಮೆರಿಕ ಮೂಲದ ಬೆಳೆಯು ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಬಂದಿತ್ತೇ? ಜೊಹಾನೆಸ್ಸೆನ್ ಮತ್ತು ಪಾರ್ಕರ್ 1989ರಲ್ಲಿ ಹೌದೆಂದು ವಾದಿಸಿದರು. ಪಾಯಕ್ ಮತ್ತು ಸಚನ್ 1993ರಲ್ಲಿ ಅದು ಜೋಳವಲ್ಲ, ಮುತ್ತುಗಳಿಂದ ಕೂಡಿದ 'ಮುಕ್ತಾಫಲ'ವೆಂಬ ಕಲ್ಪಿತ ಫಲವೆಂದು ನಿರಾಕರಿಸಿದರು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಕರವು ಬಿಡಿ ಸಂಗತಿಗೆ ಸಾಕ್ಷಿ ನುಡಿಯುತ್ತದೆ. ಸಂಗತಿಗಳನ್ನು ಬೆಸೆಯುವ ಕೊಂಡಿಗೆ ಅಲ್ಲ. ಶಿಲ್ಪದ ಕೈಯಲ್ಲಿ ತೆನೆಯಂಥ ವಸ್ತುವಿರುವುದು ದಿಟ. ಅದು ಜೋಳವೆಂಬುದು ವಾದ. ಅದರ ಹಿಂದೊಂದು ರಹಸ್ಯವಿದೆಯೆಂಬುದು ಕಾದಂಬರಿ. ಅಡಿಟಿಪ್ಪಣಿಯ ಗಾಂಭೀರ್ಯವು ಈ ಮೂರನ್ನೂ ಒಂದೇ ತೂಕದಲ್ಲಿ ಓದುಗರ ಮುಂದಿಡುವ ಅಪಾಯವಿದೆ. ಹಾಗೆ ಓದಿದವರು ಕಥೆಯನ್ನು ಚರಿತ್ರೆಯೆಂದು ಮತ್ತೊಬ್ಬರಿಗೆ ಹೇಳುವಾಗ ಲೇಖಕರ ಹೆಸರೂ ಟಿಪ್ಪಣಿಯೂ ಕಳಚಿಬಿದ್ದು, ಕಾದಂಬರಿಯು ಪುನಃ ಕರ್ತೃವಿಲ್ಲದ ಐತಿಹ್ಯವಾಗುತ್ತದೆ. ನಿಧಿಯಾಸೆಗೆ ಅಗೆದುಹಾಕಿದ ಗುಡಿಗಳನ್ನು, ಮಗುಚಿದ ವೀರಗಲ್ಲುಗಳನ್ನು ಕ್ಷೇತ್ರಕಾರ್ಯದಲ್ಲಿ ಕಂಡವರಿಗೆ ಇದು ಕೇವಲ ಸಾಹಿತ್ಯಕ ಪ್ರಶ್ನೆಯಾಗಿ ತೋರದು.

ಆದರೂ ಈ ಕೃತಿಗಳನ್ನು ರೋಚಕ ಸರಕೆಂದು ಬದಿಗಿಡುವುದು ಸಲ್ಲದು. 'ಹಿಂದಿನವರು ಹೇಳಿದರು' ಎಂಬಲ್ಲಿಗೆ ನಿಲ್ಲುತ್ತಿದ್ದ ಓದುಗರಿಗೆ 'ಆಧಾರವೇನು?' ಎಂದು ಕೇಳುವ ಅಭ್ಯಾಸವನ್ನು ಅವು ಕಲಿಸಿವೆ. ಆ ಪ್ರಶ್ನೆಯನ್ನು ಕಾದಂಬರಿಗೂ ಕೇಳುವುದು ವಿಮರ್ಶೆಯ ಹೊಣೆ. ಸ್ವಂತ ಹೆಸರಿನಲ್ಲಿ ಬರೆದ ಲೇಖಕರು ಅದಕ್ಕೆ ಬಾಗಿಲನ್ನು ತೆರೆದೇ ಇಟ್ಟಿದ್ದಾರೆ.