ಜಡ್ಡು ಇರಲಿ, ಆಣಿ ಬೇಡ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಸೀಮೆಯ ಜನ ಶ್ರೀಶೈಲಕ್ಕೆ ನಡೆಯತೊಡಗುತ್ತಾರೆ. ಹುನಗುಂದ, ಇಳಕಲ್ ದಾಟಿ ಹೋಗುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ದಾಸೋಹ, ಮಜ್ಜಿಗೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಸೇವೆಯೂ ಉಂಟು. ನಡಿಗೆಯ ಹುಚ್ಚಿರುವವರು ಅಲ್ಲಿ ಕೂತು ಪಾದಗಳನ್ನು ನೋಡಬೇಕು.

ಬರಿಗಾಲಲ್ಲಿ ಹೊಲ ದುಡಿದವರ ಹಿಮ್ಮಡಿ, ಬೆರಳಬುಡ ಹಳದಿಗಟ್ಟಿ ದಪ್ಪಗಿರುತ್ತವೆ. ಒತ್ತಿದರೆ ನೋವಿಲ್ಲ. ಅದು ಜಡ್ಡು. ಭಾರ, ತಿಕ್ಕಾಟ ಬಿದ್ದಲ್ಲಿ ಚರ್ಮ ತನ್ನ ಮೇಲ್ಪದರವನ್ನು ತಾನೇ ದಪ್ಪ ಮಾಡಿಕೊಂಡಿರುತ್ತದೆ. ಜಡ್ಡುಗಟ್ಟಿದ ಕಾಲಿಗೆ ನೆಲದ ಅರಿವು ತಪ್ಪುತ್ತದೆ ಎನ್ನುವವರಿದ್ದಾರೆ. ಕೀನ್ಯಾದಲ್ಲಿ ಬರಿಗಾಲಲ್ಲೇ ಓಡಾಡುವವರ ಪಾದ ಪರೀಕ್ಷಿಸಿದ ಸಂಶೋಧಕರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಬೇರೆಯೇ: ಜಡ್ಡು ದಪ್ಪವಾದರೂ ಸ್ಪರ್ಶಜ್ಞಾನ ಕುಂದಿರಲಿಲ್ಲ. ಶ್ರೀಶೈಲದ ಹಾದಿಯಲ್ಲಿ ಸಿಗುವ ಭೀಮನಕೊಳ್ಳದ ಕಲ್ಲುದಾರಿ ತುಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಿರುಕು ಬಿಡದಂತೆ ಎಣ್ಣೆ ಹಚ್ಚುತ್ತಿದ್ದರೆ ಅಂಥ ಜಡ್ಡನ್ನು ಮುಟ್ಟಲೇಬಾರದು.

ಆಣಿಯ ಮಾತೇ ಬೇರೆ. ಮೂತಿ ಕಿರಿದಾದ ಬೂಟಿನಲ್ಲಿ ದಿನಗಳೆದವರ ಕಿರುಬೆರಳ ಮೇಲೆ ನೋಡಿ: ಜೋಳದ ಕಾಳಿನಷ್ಟು ಜಾಗ, ನಡುವೆ ಗಾಜಿನಂಥ ಗಟ್ಟಿ ತಿರುಳು. ಅದರ ಮೊನೆ ಒಳಮುಖ. ನೇರ ಒತ್ತಿದರೆ ಜೀವ ಹೋದಂತಾಗುತ್ತದೆ. ಬೆರಳಸಂದಿಯಲ್ಲಾದರೆ ಬೆವರಿಗೆ ನೆನೆದು ಬೆಳ್ಳಗೆ, ಮೆತ್ತಗಿರುತ್ತದೆ. ಅಂಗಾಲಿನ ನರಹುಲಿಯನ್ನೂ ಜನ ಆಣಿ ಎಂದೇ ತಿಳಿಯುತ್ತಾರೆ. ಅದು ವೈರಸ್‌ನಿಂದ ಬರುವಂಥದ್ದು. ಎರಡೂ ಬದಿಯಿಂದ ಚಿವುಟಿದಾಗ ಹೆಚ್ಚು ನೋಯುತ್ತದೆ, ಒಳಗೆ ಸಣ್ಣ ಕಪ್ಪು ಚುಕ್ಕೆ ಕಾಣಬಹುದು.

ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ನಮ್ಮಲ್ಲಿ ಮನೆಮನೆಯ ರೂಢಿ. ದಯವಿಟ್ಟು ಬಿಡಿ. ಕೆತ್ತಿದರೂ ಒತ್ತುವ ಬೂಟು ಹಾಗೇ ಇದ್ದರೆ ಅದು ಮತ್ತೆ ಬರುತ್ತದೆ. ಮೊದಲು ಬೂಟು ಬದಲಿಸಿ. ಸಂಜೆ ಹೊತ್ತು ಕೊಳ್ಳಿ, ಹಗಲೆಲ್ಲ ಓಡಾಡಿದ ಕಾಲು ತುಸು ಊದಿರುತ್ತದೆ. ಒಳಗೆ ಬೆರಳು ಆಡಬೇಕು. ಆಮೇಲೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಪಾದ ತಿಕ್ಕುವ ಕಲ್ಲಿನಿಂದ ಹಗುರಾಗಿ ಉಜ್ಜಿದರೆ ವಾರಗಳಲ್ಲಿ ಕರಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಈ ಮನೆಮದ್ದು ಯಾವುದೂ ಸಲ್ಲದು. ಆಣಿಗೆಂದು ಔಷಧ ಅಂಗಡಿಯಲ್ಲಿ ಸಿಗುವ ಕಾರ್ನ್ ಪಟ್ಟಿಯಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಹುಣ್ಣಾದದ್ದೂ ತಿಳಿಯುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗಿರಲಿ, ಶ್ರೀಶೈಲಕ್ಕಿರಲಿ, ಅಂಥವರು ಹೊರಡುವ ಮುನ್ನ ವೈದ್ಯರಿಗೆ ಕಾಲು ತೋರಿಸಿ. ದಾರಿಯಲ್ಲಿ ದಿನಾ ರಾತ್ರಿ ಅಂಗಾಲನ್ನು ಜೊತೆಯವರಿಂದ ನೋಡಿಸಿಕೊಳ್ಳಿ.